ಎರಡನೆಯ ಸಿಲಿಂಡರ್ ಮತ್ತು ಖಂಡೇನವಮಿಯ ಕಾಯಿ

ನನ್ನ ಮೊಮ್ಮಗಳು ನಮ್ಮ ಮನೆಗೆ ಬಂದು ಇವತ್ತಿಗೆ ಎಂಟು ದಿನ. ಈ ಎಂಟು ದಿನದಲ್ಲಿ ಅವಳು ನನ್ನ ಕನ್ನಡಕವನ್ನು ಎರಡು ಸಲ ಕಿತ್ತೆಸೆದಿದ್ದಾಳೆ. ಮೂಗು ಹಿಡಿದು ಜಗ್ಗಿದ್ದು ಎಷ್ಟು ಸಲವೋ ಲೆಕ್ಕವಿಟ್ಟಿಲ್ಲ. ಹಾದಿಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತೇನೆ. ಮೊನ್ನೆ ಹಾಲು ಹಾಕುವವನನ್ನು ನಿಲ್ಲಿಸಿ ಹೇಳಿದೆ. ಅವನು ಕ್ಯಾನು ಕೆಳಗಿಳಿಸದೆಯೇ, "ಕಾಕಾ, ಕಾಲ್ ಪಣ ಸಾಂಗಿತಲಂತ" ಎಂದ. ನಿನ್ನೆಯೂ ಹೇಳಿದ್ದೆನಂತೆ. ಹೇಳಿರಬಹುದು. ನಾಳೆಯೂ ಹೇಳುತ್ತೇನೆ.

ಆದರೆ ಓಣಿಯಲ್ಲಿ ಯಾರಿಗೂ ಪೂರ್ತಿ ಹೇಳದೆ ಇಟ್ಟುಕೊಂಡ ಮಾತು ಒಂದಿದೆ. ಅವಳು ಹೇಗೆ ಬಂದಳು ಎಂದು ಕೇಳಿದರೆ, "ಅಜ್ಜನ ಗಾಡಿಯಲ್ಲಿ" ಎಂದು ಎದೆ ಮುಂದೆ ಮಾಡಿ ಹೇಳುತ್ತೇನೆ. ಆ ಗಾಡಿಯನ್ನು ಕೆಡಿಸಿದವನೂ ಅಜ್ಜನೇ ಎಂಬುದನ್ನು ನುಂಗಿಬಿಡುತ್ತೇನೆ. ಎಂಟು ದಿನ ಹೊಟ್ಟೆಯಲ್ಲಿಟ್ಟುಕೊಂಡದ್ದು ಸಾಕು. ಬರೆದುಬಿಡುತ್ತೇನೆ.

ನಾನು ಓದಿದ್ದು ನಾಲ್ಕನೆಯ ಇಯತ್ತೆಯವರೆಗೆ. ನಾಲ್ಕನೆಯದರಲ್ಲಿ ಎರಡು ವರ್ಷ ಕುಳಿತದ್ದರಿಂದ, ಒಟ್ಟು ಐದು ವರ್ಷ ಓದಿದ್ದೇನೆಂದು ಹೇಳಿಕೊಳ್ಳುವುದುಂಟು. ವಿಜಾಪುರದ ಕಡೆಯವನು. ಸೋದರಮಾವನ ಕಿರಾಣಿ ಅಂಗಡಿಯಲ್ಲಿ ಕೆಲಸಕ್ಕೆಂದು ಪುಣೆ ಹತ್ತಿರದ ದೇಹೂ ರೋಡಿಗೆ ಬಂದೆ. ಮಿಲಿಟರಿ ಮನೆಗಳಿಗೆ ಅಕ್ಕಿ ಬೇಳೆ ತೂಗುತ್ತ ತೂಗುತ್ತ ತಲೆ ಬೆಳ್ಳಗಾಯಿತು. ಈಗ ಅಂಗಡಿಯನ್ನು ಬೇರೆಯವರಿಗೆ ಬಿಟ್ಟು ಮನೆಯಲ್ಲಿದ್ದೇನೆ. ಮಗ ಪಿಂಪ್ರಿಯ ಒಂದು ಆಫೀಸಿನಲ್ಲಿ ಕಾರಕೂನ. ಅವನಿಗೆ ಕಾರಿನ ಬಗ್ಗೆ ಗೊತ್ತಿರುವುದು ಬಾಗಿಲು ತೆರೆಯುವುದು, ಕೂರುವುದು, ಇಷ್ಟೇ. ಎಂಜಿನ್ ವಿದ್ಯೆಯೆಲ್ಲ ಸೊಸೆಯದು. ಅವಳು ಚಾಕಣದ ಒಂದು ಕಾರ್ಖಾನೆಯಲ್ಲಿ ಎಂಜಿನ್ ತಪಾಸಣೆಯ ಕೆಲಸದಲ್ಲಿದ್ದಾಳೆ. ಹೊಸ ಎಂಜಿನ್ನುಗಳು ಅವಳ ಮುಂದೆ ಸಾಲಾಗಿ ಬಂದು ನಿಲ್ಲುತ್ತವಂತೆ. ಅವಳು ಹೂಂ ಎಂದರೆ ಮುಂದೆ, ಊಂಹೂಂ ಎಂದರೆ ಹಿಂದೆ.

ಇಷ್ಟು ಗೊತ್ತಿದ್ದೂ, ಅವಳು ಮದುವೆಯಾಗಿ ಬಂದಾಗಿನಿಂದ ನನ್ನ ಕಾರಿನ ಬಾನೆಟ್ ತೆರೆಯಲು ಅವಳಿಗೆ ಒಮ್ಮೆಯೂ ಬಿಟ್ಟಿರಲಿಲ್ಲ. "ನಿಂದು ಹೊಸಾ ಎಂಜಿನ್ ವಿದ್ಯಾ ಯವ್ವಾ. ಇದು ಹಳೇದು. ಇದರ ಮರ್ಜಿ ನನಗ ಒಬ್ಬಾಂವಗ ಗೊತ್ತು" ಎನ್ನುತ್ತಿದ್ದೆ. ಅವಳು ತುಟಿಯಂಚಿನಲ್ಲಿ ನಕ್ಕು ಒಳಗೆ ಹೋಗುತ್ತಿದ್ದಳು.

ಕಾರಿಗೆ ಇಪ್ಪತ್ತು ವರ್ಷ ದಾಟಿದೆ. ವರ್ಗವಾಗಿ ಹೊರಟಿದ್ದ ಸುಭೇದಾರರೊಬ್ಬರಿಂದ ಕೊಂಡದ್ದು. ಬೂದಿ ಬಣ್ಣ. ಹಿಂದಿನ ಎಡಬಾಗಿಲು ಒಳಗಿನಿಂದ ಮಾತ್ರ ತೆರೆಯುತ್ತದೆ, ಹೀಗಾಗಿ ಹೆಂಡತಿ ಕೂರುವಾಗೆಲ್ಲ ನಾನು ಇಳಿದು, ಒಳಗೆ ತೂರಿ, ಬಾಗಿಲು ತೆಗೆದುಕೊಡಬೇಕು. ನೋಡಿದವರು ನನ್ನನ್ನು ಬಹಳ ಮರ್ಯಾದಸ್ಥ ಗಂಡನೆಂದು ತಿಳಿಯುತ್ತಾರೆ.

ಈಗ ನಾನು ಮಾತು ಕೊಟ್ಟ ಕತೆ. ಸೊಸೆಯ ತವರು ಬಾರಾಮತಿ. ನಮ್ಮ ಬೀಗರದು ಅಲ್ಲಿ ಬಟ್ಟೆ ಅಂಗಡಿ, ಅವರೂ ನಮ್ಮ ಕಡೆಯವರೇ. ಹೆರಿಗೆ ಅಲ್ಲಿಯೇ ಆಯಿತು. ಹೆಸರಿಡುವ ದಿನ ನಾವೆಲ್ಲ ಹೋಗಿದ್ದೆವು. ಬೀಗರು ಹೊಸ ಕಾರು ತೆಗೆದುಕೊಂಡಿದ್ದರು. ಒಳಗೆ ಮಣೆಯಷ್ಟು ಅಗಲದ ಪರದೆ, ಬಾಗಿಲು ಸರಿಯಾಗಿ ಹಾಕದಿದ್ದರೆ ಹೆಣ್ಣು ದನಿಯಲ್ಲಿ ಬೈಯುತ್ತದೆ. ಊಟವಾದ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತ ಬೀಗರು ಅಂದರು:

"ಐದನೇ ತಿಂಗಳಿಗೆ ತಾಯಿ ಮಗಳನ್ನ ನಾವೇ ನಮ್ಮ ಗಾಡ್ಯಾಗ ತಂದು ಬಿಡ್ತೀವ್ರಿ ಬೀಗರ. ಕೂಸಿಗೆ ಅಲುಗಿದ್ದೂ ಗೊತ್ತಾಗಂಗಿಲ್ಲ."

ನನಗೆ ಚುರ್ರೆಂದಿತು. "ಏ ಬಿಡ್ರಿ. ನನ್ನ ಮೊಮ್ಮಗಳು ಅಜ್ಜನ ಗಾಡ್ಯಾಗ ಬರ್ತಾಳ. ಶೀಗಿ ಹುಣ್ಣಿವಿ ಮುಂಜಾನೆ ಒಂಬತ್ತಕ್ಕ ನಿಮ್ಮ ಬಾಗಲದಾಗ ಹಾರ್ನ್ ಹೊಡೀಲಿಲ್ಲ ಅಂದ್ರ ಕೇಳ್ರಿ."

"ಅಲ್ರಿ, ಗಾಡಿ ಭಾಳ ಹಳೇದಾತಲ್ಲ?"

"ನಾನೂ ಹಳೇ ಮನಶ್ಯಾನೇ ಅದೀನಿ. ನನ್ನ ಕೈಯಾಗ ಕೂಸು ಕೊಡಂಗಿಲ್ಲೇನು?"

ಎಲ್ಲರೂ ನಕ್ಕರು. ಮಾತು ಕೊಟ್ಟಾಯಿತು. ಆಮೇಲೆ ನಾಲ್ಕು ತಿಂಗಳು ನಾನು ಮಾಡಿದ ಕೆಲಸವೆಂದರೆ ಈ ಮಾತನ್ನು ಊರಿಗೆಲ್ಲ ಹಂಚಿದ್ದು. ಔಷಧಿ ಅಂಗಡಿಯವನಿಗೆ, ಬಸ್ ಸ್ಟಾಪಿನಲ್ಲಿ ಗುರುತಿಲ್ಲದವರಿಗೆ, ಎಲ್ಲರಿಗೂ ಹುಣ್ಣಿಮೆಯ ದಿನ ಯಾರು ಯಾವ ಗಾಡಿಯಲ್ಲಿ ಬರುತ್ತಾರೆ ಎಂದು ಗೊತ್ತಾಗಿತ್ತು.

ಹುಣ್ಣಿಮೆಗೆ ಆರು ದಿನ ಮೊದಲು ಖಂಡೇನವಮಿ. ನಮ್ಮಲ್ಲಿ ಅವತ್ತು ತಕ್ಕಡಿ, ಈಳಿಗೆ, ಹೊಲಿಗೆ ಯಂತ್ರ ಎಲ್ಲಕ್ಕೂ ಪೂಜೆ. ಕಾರಿಗಂತೂ ಬೆಳಗಿನಿಂದಲೇ ಸ್ನಾನ. ಪ್ರತಿ ವರ್ಷ ಬಾನೆಟ್ಟಿನ ಮೇಲೆ ವಿಭೂತಿ ಹಚ್ಚಿ, ಕುಂಕುಮವಿಟ್ಟು, ಹೂವು ಹಾಕಿ, ಮುಂದಿನ ಗಾಲಿಯ ಬಳಿ ಕಾಯಿ ಒಡೆಯುತ್ತಿದ್ದೆ. ಈ ವರ್ಷ ಗಾಲಿಯ ಮುಂದೆ ಕೂತವನಿಗೆ ಒಂದು ವಿಚಾರ ಬಂತು. ನನಗೆ ವಿಚಾರ ಬರುವುದು ಕಡಿಮೆ, ಬಂದಾಗ ಬಹಳ ಗೌರವ ಕೊಡುತ್ತೇನೆ. ಗಾಲಿ ಏನು ಮಾಡುತ್ತದೆ, ಸುಮ್ಮನೆ ಉರುಳುತ್ತದೆ. ನನ್ನ ಮೊಮ್ಮಗಳನ್ನು ಬಾರಾಮತಿಯಿಂದ ಎಳೆದು ತರುವುದು ಎಂಜಿನ್ನು. ಪೂಜೆ ಅದಕ್ಕಲ್ಲವೇ ಸಲ್ಲಬೇಕಾದದ್ದು?

ಬಾನೆಟ್ ಎತ್ತಿದೆ. ಎಂಜಿನ್ನಿನ ನೆತ್ತಿಗೆ ಒಂದು ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ. ಅದು ಗಡಗಡ ಎನ್ನುತ್ತದೆಂದು ಎರಡು ವರ್ಷದ ಹಿಂದೆ ನಾನೇ ಕಿತ್ತು ಅಟ್ಟದ ಮೇಲಿಟ್ಟಿದ್ದೆ. ಬೋಳು ನೆತ್ತಿ ಎದುರಿಗಿತ್ತು. ವಿಭೂತಿ ಹಚ್ಚಿದೆ, ಚೆಂಡುಹೂವಿನ ಪಕಳೆ ಬಿಡಿಸಿ ಚೆಲ್ಲಿದೆ. ಕಲ್ಲಿನ ಮೇಲೆ ಕಾಯಿ ಒಡೆದು, ಲಿಂಗಕ್ಕೆ ಎರೆಯುವ ಹಾಗೆ ನೀರನ್ನೆಲ್ಲ ಅದರ ನೆತ್ತಿಗೆ ಎರೆದೆ. ತುಂಬು ಕಾಯಿ, ಒಂದು ತಂಬಿಗೆ ನೀರಿತ್ತು. "ಕುಡಿಯಪ್ಪಾ ನೀನೂ. ಕೂಸಿನ್ನ ತರೋದದ" ಎಂದೆ. ಕಣ್ಣಲ್ಲಿ ನೀರು ಬಂತು. ಹೆಂಡತಿ ಒಳಗೆ ಕರಿಗಡುಬು ಕರಿಯುತ್ತಿದ್ದಳು, ನೋಡಲಿಲ್ಲ. ಇಷ್ಟು ಭಕ್ತಿಯನ್ನು ಯಾರೂ ನೋಡಲಿಲ್ಲವಲ್ಲ ಎಂದು ಅವತ್ತು ಬೇಸರವಾಗಿತ್ತು. ಮರುದಿನದಿಂದ ಅದೇ ನನಗೆ ಸಮಾಧಾನವಾಯಿತು.

ಮರುದಿನ ದಶಮಿ. ಬನ್ನಿ ಕೊಡಲು ಪರಿಚಯದವರ ಮನೆಗೆ ಹೊರಟೆವು. ಕೀಲಿ ತಿರುಗಿಸಿದೆ. ಎಂದೂ ಒಂದೇ ಸಮನೆ ಗುರ್ ಎನ್ನುವ ಗಾಡಿ ಡುಗ್, ಡುಗ್, ಡುಗ್ ಎಂದು, ನಾಲ್ಕನೆಯದಕ್ಕೆ ಉಸಿರು ನುಂಗಿ, ಮತ್ತೆ ಡುಗ್ ಎಂದಿತು. ಸ್ಟೇರಿಂಗ್ ನಡುಗಿತು. ಮುಂದೆ ಅಂಟಿಸಿದ್ದ ಪುಟ್ಟ ಬಸವಣ್ಣ ತಲೆ ಅಲ್ಲಾಡಿಸಿ ಅಲ್ಲಾಡಿಸಿ ಬೇಡ ಬೇಡ ಎಂದಿತು. ಎಂಜಿನ್ ಚಿತ್ರದ ಹಳದಿ ದೀಪ ಹತ್ತಿಕೊಂಡಿತು.

ಹೆಂಡತಿ ಹಿಂದಿನಿಂದ, "ಏನ್ರಿ ಇದು, ಮಸರಿನ ಗಡಗಿ ತಂದಿದ್ರ ಮಜ್ಜಿಗಿ ಆಗ್ತಿತ್ತಲ್ಲ" ಎಂದಳು.

"ಪೆಟ್ರೋಲ್ ಸರಿ ಇಲ್ಲ" ಎಂದೆ.

ಸುಳ್ಳು. ಕಾಯಿಯ ನೀರು ನನ್ನ ತಲೆಗೆ ಆ ಕ್ಷಣವೇ ಬಂದಿತ್ತು. ಬಂದದ್ದನ್ನು ಹಿಂದಕ್ಕೆ ಅಟ್ಟಿದೆ. ನಾಚಿಕೆ ಒಂದು ಕಡೆ, ಇನ್ನೊಂದು ಕಡೆ ಬೇರೆಯ ಅಂಜಿಕೆ. ಮೊಮ್ಮಗಳ ಹೆಸರು ಹೇಳಿ ಮಾಡಿದ ಮೊದಲ ಪೂಜೆ ಅದು. ಅದರಿಂದಲೇ ಗಾಡಿ ಕೆಟ್ಟಿತು ಎಂಬ ಮಾತು ಯಾರ ಬಾಯಿಂದಲೂ ಬರಬಾರದು. ಅದಕ್ಕಿಂತ ಪೆಟ್ರೋಲಿನ ಮೇಲೆ ಹಾಕುವುದು ವಾಸಿ ಅನಿಸಿತು. ಪೆಟ್ರೋಲೇನು ಎದುರು ಮಾತಾಡುತ್ತದೆಯೇ?

ಬನ್ನಿ ಕೊಟ್ಟು ಬಂದವನೇ ಓಣಿಯ ತುದಿಯ ಮೆಕ್ಯಾನಿಕ್ಕಿನ ಹತ್ತಿರ ಹೋದೆ. ಅವನು ಮರಾಠಿಯವನು, ನನಗಿಂತ ಹತ್ತು ವರ್ಷ ಚಿಕ್ಕವನು. ದೂರದಿಂದಲೇ ಸದ್ದು ಕೇಳಿ, "ಕಾಕಾ, ಗಾಡಿ ಮಿಸಿಂಗ್ ಮಾರ್ತೇಯ್" ಎಂದ. ನಾಲ್ಕು ಸಿಲಿಂಡರಿನಲ್ಲಿ ಒಂದು ಕೆಲಸ ತಪ್ಪಿಸುತ್ತಿದ್ದರೆ ಅದಕ್ಕೆ ಅವರು ಹಾಗೆನ್ನುತ್ತಾರೆ. ನಾನು ಅವನ ಮಾತು ಮುಗಿಯಗೊಡದೆ, ಎಲ್ಲ ಬಲ್ಲವನ ಹಾಗೆ ಕೈ ಆಡಿಸಿ, ಕಾರ್ಬೋರೇಟರ್ ಬಿಚ್ಚಿ ಊದಿಬಿಡು, ಸರಿಯಾಗುತ್ತದೆ ಎಂದೆ. ಹಿಂದೆ ನನ್ನ ಹತ್ತಿರ ಸ್ಕೂಟರ್ ಇತ್ತು. ಅದಕ್ಕೆ ಏನಾದರೂ ಆದರೆ ಕಾರ್ಬೋರೇಟರ್ ಬಿಚ್ಚಿ ಬಾಯಿಂದ ಊದುತ್ತಿದ್ದೆ. ನನ್ನ ಎಂಜಿನ್ ವಿದ್ಯೆ ಅಲ್ಲಿಗೆ ಶುರುವಾಗಿ ಅಲ್ಲಿಗೇ ಮುಗಿದಿತ್ತು.

ಅವನು ನನ್ನನ್ನೇ ನೋಡಿದ. "ಕಾಕಾ, ಹಿಲಾ ಕಾರ್ಬೋರೇಟರ್ ನಾಹೀಚ!"

ಇದಕ್ಕೆ ಕಾರ್ಬೋರೇಟರೇ ಇಲ್ಲವಂತೆ. ಇಷ್ಟು ವರ್ಷ ಓಡಿಸಿದ್ದೇನೆ, ಇಲ್ಲದ ವಸ್ತುವನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದೇನೆಂದು ತಿಳಿದಿದ್ದೆ. ಇಂಥ ಗಾಡಿಯಲ್ಲಿ ಸಿಲಿಂಡರ್ ಒಂದಕ್ಕೆ ಒಂದರಂತೆ ಸಣ್ಣ ಪಿಚಕಾರಿಗಳಿರುತ್ತವೆ, ಪೆಟ್ರೋಲನ್ನು ಅಳೆದು ಚಿಮ್ಮುತ್ತವೆ, ಯಾವಾಗ ಎಷ್ಟು ಎಂದು ಒಂದು ಕಂಪ್ಯೂಟರ್ ಹೇಳುತ್ತದೆ ಎಂದು ಅವನು ತಿಳಿಸಿಕೊಟ್ಟ. ನಾನು ಸೋಲಲಿಲ್ಲ. ಹಾಗಾದರೆ ಪೆಟ್ರೋಲೇ ಕಲಬೆರಕೆ ಎಂದು ಪಟ್ಟು ಹಿಡಿದೆ. ಅವನು ಟ್ಯಾಂಕಿಗೆ ಒಂದು ಶೀಶೆ ಔಷಧಿ ಸುರಿದ, ಗಾಳಿಯ ಫಿಲ್ಟರ್ ಕೊಡವಿದ. ಡುಗ್, ಡುಗ್, ಡುಗ್, ಗಪ್. ಬಿಚ್ಚಿ ನೋಡಬೇಕು ಕಾಕಾ, ಆದರೆ ನಾನು ಸಂಜೆ ಊರಿಗೆ ಹೊರಟೆ, ಹುಣ್ಣಿಮೆ ಮುಗಿಸಿ ಬರುತ್ತೇನೆ ಎಂದ. ರೋಗಿಯೇ ಸುಳ್ಳು ಹೇಳಿದರೆ ವೈದ್ಯ ಏನು ಮಾಡಬೇಕು?

ಮನೆಯಲ್ಲಿ ಮಗ, "ಟ್ಯಾಕ್ಸಿ ಮಾಡೂಣು ಬಿಡಪ್ಪಾ" ಎಂದ. ಹೆಂಡತಿ ನನ್ನನ್ನು ಕೇಳದೆಯೇ ಬಾರಾಮತಿಗೆ ಫೋನ್ ಹಚ್ಚಿ ಕೈಗೆ ಕೊಟ್ಟಳು.

"ಮಾವಾರ, ಎಂದಿನಿಂದ ಹಿಂಗಾಗೇದ್ರಿ?" ಸೊಸೆ ಕೇಳಿದಳು.

"ಇವತ್ತ ಮುಂಜಾನಿಂದ."

"ನಿನ್ನಿ ಛಲೋ ಇತ್ತೇನ್ರಿ?"

"ಬಂಗಾರದಂಗ ಇತ್ತು."

"ನಿನ್ನಿ ಗಾಡಿಗೆ ಏನೇನ ಮಾಡಿದ್ರಿ?"

"ಪೂಜಾ."

"ತೊಳೆಯೋ ಮುಂದ ಬಾನೆಟ್ ಒಳಗ ನೀರು ಹೋಗೇದೇನ್ರಿ?"

"ಒಂದು ಹನಿ ಹೋಗಿಲ್ಲ."

ಆಚೆ ಕಡೆ ಮೊಮ್ಮಗಳು "ಆಂ?" ಎಂದಳು. ನನ್ನಾಣೆ, ಪ್ರಶ್ನೆ ಕೇಳಿದ ಹಾಗೇ ಇತ್ತು.

ಸೊಸೆ ಇನ್ನೆರಡು ಸಲ ಬೇರೆ ಬೇರೆ ರೀತಿಯಲ್ಲಿ ನೀರಿನ ಮಾತು ತೆಗೆದಳು. ನಾನು ಎರಡು ಸಲವೂ ಒಂದೇ ರೀತಿಯಲ್ಲಿ ಅಲ್ಲಗಳೆದೆ. ಆಗಲಿ ಮಾವಾರ, ನಾಳೆ ವಿಡಿಯೋದಾಗ ನೋಡೂಣು ಎಂದಳು.

ಮರುದಿನ ಹೆಂಡತಿ ಫೋನ್ ಹಿಡಿದು ನಿಂತಳು, ನಾನು ಬಾನೆಟ್ ಎತ್ತಿದೆ. ಮೊದಲ ಐದು ನಿಮಿಷ ಇಬ್ಬರ ಮಾತೇ ಆಯಿತು. "ಅತ್ತಿ, ಬೆರಳು ತಗೀರಿ, ಬರೇ ಕೆಂಪಗ ಕಾಣ್ಲಿಕತ್ತದ." "ಕೂಸಿನ್ನ ತೋರಸ ಮೊದಲ." "ತೋರಸ್ತೀನ್ರಿ, ಫೋನ್ ಎಂಜಿನ್ ಕಡೆ ಹೊಳ್ಳಸ್ರಿ." "ಅದಕ್ಕ ಹಲ್ಲು ಬರ್ಲಿಕತ್ತಾವೇನ?" ಇಂಥದರಲ್ಲಿ ನನಗೂ ಎಂಜಿನ್ ಮರೆತುಹೋಗಿ, ಕೂಸು ನೋಡಲು ಪರದೆಯೊಳಗೆ ತಲೆ ಹಾಕಿದೆ.

ಆಮೇಲೆ ಸೊಸೆ ಹೇಳಿಕೊಟ್ಟಳು. ಎಂಜಿನ್ನಿನ ನೆತ್ತಿಯಲ್ಲಿ ನಾಲ್ಕು ಸಣ್ಣ ಬಾವಿಗಳಿವೆ. ಪ್ರತಿ ಬಾವಿಯ ತಳದಲ್ಲಿ ಕಿಡಿ ಹಾರಿಸುವ ಪ್ಲಗ್. ಅದಕ್ಕೆ ಕರೆಂಟು ಕೊಡುವ ಕರಿಯ ಕಾಯಿಲ್ ಒಂದೊಂದು ಬಾವಿಯ ಬಾಯಿಗೂ ಬಿರಡೆಯ ಹಾಗೆ ಕೂತಿರುತ್ತದೆ. ಒಂದೊಂದಾಗಿ ಅವುಗಳ ವಾಯರ್ ಬಿಚ್ಚಬೇಕು. ಎಂಜಿನ್ ಬಂದ್ ಮಾಡಿ ಬಿಚ್ಚುವುದು, ಶುರು ಮಾಡಿ ಕೇಳುವುದು, ಮತ್ತೆ ಬಂದ್ ಮಾಡಿ ಹಚ್ಚುವುದು. ವಾಯರ್ ಬಿಚ್ಚಿದಾಗ ನಡುಕ ಹೆಚ್ಚಾದರೆ ಆ ಸಿಲಿಂಡರ್ ದುಡಿಯುತ್ತಿದೆ ಎಂದು ಅರ್ಥ. ಬಿಚ್ಚಿದರೂ ಏನೂ ಫರಕಾಗದಿದ್ದರೆ ಅದೇ ಕಳ್ಳ.

ಇದು ನನಗೆ ತಟ್ಟನೆ ತಿಳಿಯಿತು. ಅಂಗಡಿಗೆ ದೊಡ್ಡ ಮೂಟೆ ಬಂದಾಗ ನಾಲ್ಕು ಜನ ಹಮಾಲರು ಹೊರುತ್ತಿದ್ದರು. ಅದರಲ್ಲಿ ಒಬ್ಬ ಸುಮ್ಮನೆ ಕೈ ಆನಿಸಿ ನಡೆಯುವವ ಇದ್ದೇ ಇರುತ್ತಿದ್ದ. ಯಾರೆಂದು ತಿಳಿಯಬೇಕಾದರೆ ಒಬ್ಬೊಬ್ಬರನ್ನೇ ಬಾ ಎಂದು ಕರೆಯಬೇಕು. ಯಾರು ಕೈ ಬಿಟ್ಟರೆ ಮೂಟೆ ಓಲುತ್ತದೆಯೋ ಅವನು ಹೊರುತ್ತಿದ್ದವ. ಹೇಳಿದೆ. ಸೊಸೆ, "ಅಗದೀ ಬರೋಬ್ಬರಿ ಮಾವಾರ! ನಮ್ಮಲ್ಲಿ ಹೊಸಬರಿಗೆ ಇದನ್ನೇ ಹೇಳ್ತೀನಿ ಇನ್ನ" ಎಂದಳು. ನಾಲ್ಕನೆಯ ಇಯತ್ತೆಯ ಮಾಸ್ತರರು ಇದನ್ನು ಕೇಳಬೇಕಿತ್ತು. ಹೊಗಳಿಕೆಗೆ ಹಿಗ್ಗಿ ಒಂದು ಗಳಿಗೆ ನಾನೇ ಅಪರಾಧಿ ಎಂಬುದೂ ಮರೆತುಹೋಯಿತು.

ಮೊದಲನೆಯದನ್ನು ಬಿಚ್ಚಿದೆ. ಗಾಡಿ ಜ್ವರ ಬಂದವರ ಹಾಗೆ ಗಡಗಡ ನಡುಗಿತು. "ಇದು ದುಡಿಯೋದು" ಎಂದಳು ಹೆಂಡತಿ. ಮೂರನೆಯದು, ನಾಲ್ಕನೆಯದು, ಹಾಗೆಯೇ. ಎರಡನೆಯದನ್ನು ಬೇಕೆಂದೇ ಕೊನೆಗೆ ಉಳಿಸಿದ್ದೆ. ಕಾಯಿ ಹಿಡಿದ ನನ್ನ ಕೈ ಇದ್ದದ್ದು ಸರಿಯಾಗಿ ಅದರ ಮೇಲೆಯೇ. ವಾಯರ್ ಬಿಚ್ಚಿ ಶುರು ಮಾಡಿದೆ. ಡುಗ್, ಡುಗ್, ಡುಗ್, ಗಪ್. ಮೊದಲು ಹೇಗಿತ್ತೋ ಹಾಗೆಯೇ.

"ಎರಡನೇದೇ ಕಳ್ಳ" ಎಂದಳು ಹೆಂಡತಿ, ಪೊಲೀಸರ ದನಿಯಲ್ಲಿ.

"ಇವತ್ತಿಗೆ ಸಾಕ್ರಿ" ಎಂದಳು ಸೊಸೆ. "ನಾಳಿ ಮುಂಜಾನೆ ಎರಡನೇದರ ಕಾಯಿಲ್ ತಗದು ಮೂರನೇದಕ್ಕ ಹಾಕೂಣು, ಮೂರನೇದರದು ಎರಡನೇದಕ್ಕ. ಕಾಯಿಲ್ ಜೋಡಿ ರೋಗಾನೂ ಮೂರನೇದಕ್ಕ ಹೋದ್ರ ಕಾಯಿಲ್ ಕೆಟ್ಟದ ಅಂತ. ರೋಗ ಎರಡನೇದರಾಗ ಉಳದ್ರ ಒಳಗಿನ ಬ್ಯಾನಿ ಇರಬೇಕು. ಹಂಗಾದ್ರ ಹುಣ್ಣಿವಿ ಒಳಗ ಆಗೋದಲ್ಲರಿ ಮಾವಾರ. ಅಪ್ಪಾ ತಮ್ಮ ಗಾಡಿ ತೊಳಿಸಿ ಇಟ್ಟಾರ."

ತೊಳಿಸಿ ಇಟ್ಟಿದ್ದಾರಂತೆ! ಊಟ ಸೇರಲಿಲ್ಲ. ನಾಳೆ ಆ ಕಾಯಿಲ್ ಹೊರಗೆ ಬಂದರೆ ಏನೇನು ಬರುತ್ತದೆಯೋ. ಕೊನೆಗೆ ಇನ್ನೊಂದು ವಿಚಾರ ಬಂತು. ಯಾರೂ ಏಳುವ ಮೊದಲು ನಾನೇ ಹೋಗಿ ಬಿಚ್ಚುವುದು, ಬಟ್ಟೆಯಿಂದ ಒರೆಸುವುದು, ಮತ್ತೆ ಕೂರಿಸುವುದು. ವಿಡಿಯೋ ಹೊತ್ತಿಗೆ ಗಾಡಿ ಗುರ್ ಎನ್ನುತ್ತಿರುತ್ತದೆ. ತನ್ನಿಂದ ತಾನೇ ಸರಿಹೋಯಿತು ಎಂದುಬಿಡುವುದು.

ಬೆಳಗ್ಗೆ ಆರೂವರೆಗೆ ಬೋಲ್ಟ್ ಬಿಚ್ಚುವ ಹತ್ತನೇ ನಂಬರಿನ ಪಾನಾ ಮತ್ತು ಒಂದು ಹಳೆಯ ಧೋತರದ ತುಂಡು ಹಿಡಿದು, ಸ್ವಂತ ಗಾಡಿಯ ಹತ್ತಿರ ಕಳ್ಳನ ಹಾಗೆ ಹೋದೆ. ಬೋಲ್ಟ್ ಬಿಚ್ಚಿ ಕೈಗೆ ತೆಗೆದುಕೊಂಡಿದ್ದೆ, ಅಷ್ಟರಲ್ಲಿ ಹಿಂದಿನಿಂದ, "ಅಯ್ಯ, ಇವರು ಆಗಲೇ ಇಲ್ಲೇ ಬಂದಾರ ನೋಡವಾ!" ಎಂದು ಹೆಂಡತಿಯ ದನಿ. ಕೂಸು ಬೇಗ ಎದ್ದಿದೆಯೆಂದು ಸೊಸೆ ಫೋನ್ ಮಾಡಿದ್ದಳು. ಪರದೆಯಲ್ಲಿ ಅವಳೊಬ್ಬಳೇ ಅಲ್ಲ. ಪಕ್ಕದಲ್ಲಿ ಚಹಾದ ಬಟ್ಟಲು ಹಿಡಿದು ಬೀಗರು. ಹಿಂದೆ ಬೀಗತಿ. ನಡುವೆ, ಸೊಸೆಯ ತೊಡೆಯ ಮೇಲೆ, ಮುಷ್ಟಿ ಬಾಯಲ್ಲಿಟ್ಟುಕೊಂಡು ನನ್ನ ಮೊಮ್ಮಗಳು.

"ನಮಸ್ಕಾರ್ರಿ ಬೀಗರ! ಆಪರೇಷನ್ ನೋಡ್ಲಿಕ್ಕ ಬಂದೀವಿ" ಎಂದರು ಬೀಗರು.

ತಪ್ಪಿಸಿಕೊಳ್ಳಲು ಎಲ್ಲಿಯೂ ದಾರಿ ಇರಲಿಲ್ಲ. ಕಾಯಿಲ್ ಹಿಡಿದು ಎಳೆದೆ. ಕೆಸರಿನಿಂದ ಕಾಲು ಕಿತ್ತ ಹಾಗೆ ಪಚಕ್ ಎಂದು ಬಂತು. ಅದಕ್ಕೆ ಒಂದು ಗೇಣು ಉದ್ದದ ರಬ್ಬರಿನ ಬಾಲ. ಬಾಲದ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹಳಸಿದ ಕಾಯಿಯ ವಾಸನೆ ಮೂಗಿಗೆ ಬಡಿಯಿತು. ಬಾಲಕ್ಕೆ ಒಂದು ಚೆಂಡುಹೂವಿನ ಪಕಳೆ ನೀಟಾಗಿ ಅಂಟಿಕೊಂಡಿತ್ತು, ದೇವರ ಮೇಲಿನಿಂದ ಪ್ರಸಾದ ಇಳಿದ ಹಾಗೆ.

ಪಕಳೆಯ ಮೇಲೆ ಹೆಬ್ಬೆರಳು ಇಟ್ಟುಬಿಟ್ಟೆ.

"ಬಾಲ ಒಣಗೇದೇನ್ರಿ ಮಾವಾರ? ಇಲ್ಲಿಂದ ಬರೋಬ್ಬರಿ ಕಾಣವಲ್ದು" ಎಂದಳು ಸೊಸೆ.

ಹೂಂ ಎಂದರೆ ಆಗುತ್ತಿತ್ತು. ಪರದೆಯಲ್ಲಿ ವಾಸನೆ ಬರುವುದಿಲ್ಲ. ಇದನ್ನೇ ಒರೆಸಿ ಮೂರನೆಯದಕ್ಕೆ ಹಾಕಿದರೆ, ಒಂದೆರಡು ದಿನ ಹೇಗೋ ಓಡಿದರೂ ಓಡೀತು. ಆಮೇಲೆ? ಕಣ್ಣ ಮುಂದೆ ಬಾರಾಮತಿಯ ರಸ್ತೆ ಬಂತು. ಎರಡೂ ಕಡೆ ಕಬ್ಬು, ಮೇಲೆ ಬಿಸಿಲು, ನೆರಳಿಗೆ ಒಂದು ಗಿಡವಿಲ್ಲ. ಗಾಡಿ ನಿಂತಿದೆ. ಒಳಗೆ ಆ ಮುಷ್ಟಿಯಷ್ಟು ಕೂಸು ಅಳುತ್ತಿದೆ. ಬಾನೆಟ್ ಎತ್ತಿಕೊಂಡು ನಾನು ಎಲ್ಲ ಬಲ್ಲವನ ಹಾಗೆ ನಿಂತಿದ್ದೇನೆ.

ಹೆಬ್ಬೆರಳು ತೆಗೆದೆ.

"ಅದೇನ್ರಿ ಹಳದೀದು?"

"ಚೆಂಡುಹೂ, ಯವ್ವಾ."

"ಹೂವಾ?"

"ನಾನು ಸುಳ್ಳು ಹೇಳೀನಿ. ನೀರು ಹೋಗೇದ. ಕಾಯಿ ನೀರು. ನಾನೇ ಎರದೀನಿ, ನವಮಿ ದಿನಾ."

"ಎಂಜಿನ್ ಮ್ಯಾಲೇನ್ರಿ?"

"ಕ... ಕೂಸಿನ್ನ ತರೋ ಎಂಜಿನ್ ಅದು, ಅದಕ್ಕೂ ಒಂದೀಟು ಕುಡಸಬೇಕು ಅನಸ್ತು."

ಬಾರಾಮತಿಯಲ್ಲಿ ಬೀಗರ ಚಹಾ ಮೂಗಿನಿಂದ ಬಂತು. ಬೀಗತಿ ಸೆರಗು ಬಾಯಿಗೆ ಒತ್ತಿಕೊಂಡರು. ಸೊಸೆ ಮಾವನ ಮುಂದೆ ನಗಬಾರದೆಂದು ತಡೆದು ತಡೆದು, ತಡೆಯಲಾರದೆ ಬಗ್ಗಿಬಿಟ್ಟಳು. ಬೀಗರು ಉಸಿರು ತಂದುಕೊಂಡು, "ಬೀಗರ, ಪ್ರಸಾದ ಉಳದಿದ್ರ ನಮಗೂ ಒಂದೀಟು ತರ್ರಿ!" ಎಂದರು. ಹೆಂಡತಿಯಂತೂ ಕಣ್ಣು ಕೆಂಪಗೆ ಮಾಡಿ, "ಹೌದಾ? ಮೊನ್ನಿ ಕೇಳಿದ್ರ ಕಾಯಾಗ ನೀರೇ ಇದ್ದಿದ್ದಿಲ್ಲ ಅಂದ್ರಲ್ಲ!" ಎಂದಳು.

ಈ ಗದ್ದಲಕ್ಕೆ ಕೂಸು ಮೊದಲು ಬೆದರಿ ಎಲ್ಲರ ಮುಖ ನೋಡಿತು. ಆಮೇಲೆ ಬಾಯಿಂದ ಮುಷ್ಟಿ ತೆಗೆದು ಕೇಕೆ ಹಾಕಿ ನಕ್ಕಿತು. ಅದುವರೆಗೆ ಮುಗುಳ್ನಗುತ್ತಿತ್ತೇ ಹೊರತು ಹೀಗೆ ಸದ್ದು ಮಾಡಿ ನಕ್ಕಿದ್ದೇ ಇಲ್ಲವಂತೆ. ನನ್ನ ಮೊಮ್ಮಗಳ ಮೊದಲ ಕೇಕೆ ನನ್ನ ದಡ್ಡತನಕ್ಕೆ ಸಂದಿತು. ಇದಕ್ಕಿಂತ ದೊಡ್ಡ ಕೆಲಸ ನನ್ನ ದಡ್ಡತನ ಎಂದೂ ಮಾಡಿರಲಿಲ್ಲ. ಪಾನಾ ಕೈಯಲ್ಲಿ ಹಿಡಿದೇ ನಾನೂ ನಕ್ಕೆ.

ನಗು ಮುಗಿದ ಮೇಲೆ ಸೊಸೆ ಕೆಲಸಕ್ಕೆ ಇಳಿದಳು. ಧೋತರದ ತುಂಡನ್ನು ಕಡ್ಡಿಗೆ ಸುತ್ತಿ ಬಾವಿಯೊಳಗಿನ ನೀರು ಹೀರಿಸಿದಳು. ಹೀರಿದವನು ನಾನು, ಹೀರಿಸಿದವಳು ಅವಳು. ಅವಳ ಕಪಾಟಿನಲ್ಲಿದ್ದ ಕೂದಲು ಒಣಗಿಸುವ ಯಂತ್ರ ತರಿಸಿ ಬಿಸಿ ಗಾಳಿ ಬಿಡಿಸಿದಳು. ಪಕ್ಕದ ಮನೆಯವರಿಂದ ಪ್ಲಗ್ ಪಾನಾ ತಂದು ಪ್ಲಗ್ ಬಿಚ್ಚಿದರೆ ಅದಕ್ಕೆ ತುಕ್ಕು ಹಿಡಿಯಲು ಶುರುವಾಗಿತ್ತು. ರಬ್ಬರಿನ ಬಾಲವನ್ನು ಬೆಳಕಿಗೆ ಹಿಡಿದಾಗ ಕೂದಲೆಳೆಯಂಥ ಒಂದು ಬಿಳಿ ಗೆರೆ ಕಂಡಿತು. ಕರೆಂಟು ಪ್ಲಗ್ಗಿಗೆ ಹೋಗುವ ಬದಲು ನೀರಿನ ಜೊತೆ ಆ ಗೆರೆಯಲ್ಲೇ ಹರಿದು ಹೋಗುತ್ತಿತ್ತಂತೆ, ಇನ್ನು ಒಣಗಿಸಿದರೂ ಅದೇ ದಾರಿ ಹಿಡಿಯುತ್ತದಂತೆ. "ಬರೇ ಒರಸಿ ಹಾಕಿದ್ರ ಮತ್ತ ಕೈ ಕೊಡ್ತಿತ್ರಿ" ಎಂದಳು. ನಾನು ಬಾಯಿ ಬಿಡದೆ ತಲೆಯಾಡಿಸಿದೆ. ಒರೆಸಲು ಬಂದಿದ್ದ ವಿಷಯ ಅವಳಿಗೆ ಇನ್ನೂ ಗೊತ್ತಿಲ್ಲ. ಇದನ್ನು ಓದಿದರೆ ಗೊತ್ತಾಗುತ್ತದೆ.

ಹಳೆಯ ಕಾಯಿಲನ್ನು ಬಟ್ಟೆಯ ಚೀಲದಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ಚಿಂಚವಾಡಕ್ಕೆ ಹೋಗಿ, ಅಂಥದ್ದೇ ಹೊಸ ಕಾಯಿಲ್, ನಾಲ್ಕೂ ಹೊಸ ಪ್ಲಗ್ ತಂದೆ. ಅವಳು ಹೇಳಿದ ಹಾಗೆ ಕೂರಿಸಿದೆ. ಅಟ್ಟ ಹತ್ತಿ ಪ್ಲಾಸ್ಟಿಕ್ ಮುಚ್ಚಳ ಇಳಿಸಿ, ಇಲಿಯ ಹಿಕ್ಕೆ ಕೊಡವಿ, ಅದನ್ನೂ ಹಾಕಿದೆ. ಕೀಲಿ ತಿರುಗಿಸಿದೆ. ಗುರ್. ಒಂದೇ ಸಮನೆ ಗುರ್. ಬಸವಣ್ಣ ಅಲುಗಲಿಲ್ಲ. ಹಳದಿ ದೀಪ ಒಂದೆರಡು ಸಲ ಓಡಿಸಿದ ಮೇಲೆ ತಾನೇ ಆರಿತು. ನಾನು ಸ್ಟೇರಿಂಗಿಗೆ ಹಣೆ ಹಚ್ಚಿ ಸ್ವಲ್ಪ ಹೊತ್ತು ಕೂತೆ. ಕೈ ಮುಗಿಯಲಿಲ್ಲ. ಮುಗಿದರೆ ಹೆಂಡತಿ ಓಡಿ ಬರುತ್ತಿದ್ದಳು.

ಹುಣ್ಣಿಮೆಯ ದಿನ ಬೀಗರ ಬಾಗಿಲಲ್ಲಿ ಹಾರ್ನ್ ಹೊಡೆದಾಗ ಒಂಬತ್ತಕ್ಕೆ ಹತ್ತು ನಿಮಿಷ ಇತ್ತು. ಹತ್ತು ನಿಮಿಷವೂ ಹೊಡೆದೆ. ಹೊರಡುವಾಗ ಬೀಗರು ಕಾಯಿ ತಂದರು. ಕಾಯಿ ಕಂಡದ್ದೇ ತಡ, ಸೊಸೆ ಕೂಸನ್ನು ತಾಯಿಯ ಕೈಗೆ ಕೊಟ್ಟು, ಬಾನೆಟ್ಟಿನ ಮುಂದೆ ಎರಡೂ ಕೈ ಚಾಚಿ ನಿಂತಳು. "ಅಪ್ಪಾ, ಹೊಸ್ತಿಲದಾಗ ಒಡೀರಿ! ಮಾವಾರ ಕೈಯಾಗ ಕೊಡಬ್ಯಾಡ್ರಿ!"

ದಾರಿಯುದ್ದಕ್ಕೂ ಕೂಸು ಮಲಗಿತ್ತು. ಬೀಗರು ತಮ್ಮ ಹೊಸ ಗಾಡಿಯಲ್ಲಿ ಹೆದ್ದಾರಿ ಸಿಗುವ ಪಾಟಸದವರೆಗೆ ಹಿಂದೆ ಹಿಂದೆ ಬಂದರು. ಮಗಳನ್ನು ಬಿಡಲಾರದೆಯೋ, ನನ್ನನ್ನು ನಂಬಲಾರದೆಯೋ ಕೇಳಲಿಲ್ಲ. ಸೊಸೆ ಕಿಟಕಿಗೆ ತಲೆ ಆನಿಸಿ ಬಹಳ ಹೊತ್ತು ಎಂಜಿನ್ನಿನ ಸದ್ದು ಕೇಳಿದಳು. ಕೊನೆಗೆ, "ನಾಲ್ಕೂ ದುಡೀಲಿಕತ್ತಾವ್ರಿ ಮಾವಾರ" ಎಂದಳು. ಹೂಂ ಎಂದಳು, ಮುಂದೆ ಹೋದೆ. ಈಗ ಬಾನೆಟ್ಟಿನ ಕೀಲಿ ಅವಳ ಕೈಯಲ್ಲೇ ಎಂದು ಅಲ್ಲಿಯೇ ಹೇಳಿಬಿಟ್ಟೆ. ಬಾನೆಟ್ಟಿಗೆ ಬೇರೆ ಕೀಲಿ ಇರುವುದಿಲ್ಲ ಮಾವಾರ ಎಂದಳು.

ಮನೆಯ ಮುಂದೆ ಇಳಿದೆವು. ಹೆಂಡತಿ ಆರತಿಯ ತಟ್ಟೆ ಹಿಡಿದು ನಿಂತಿದ್ದಳು, ಅರಿಶಿನ ಸುಣ್ಣ ಕದಡಿದ ಕೆಂಪು ನೀರು, ನಡುವೆ ದೀಪ. ತಾಯಿ ಮಗಳಿಗೆ ದೃಷ್ಟಿ ತೆಗೆದಳು. ಆ ನೀರನ್ನು ರಸ್ತೆಗೆ ಚೆಲ್ಲುವುದು ಪದ್ಧತಿ. ಅಭ್ಯಾಸಬಲದಿಂದ ನಾನು ತಟ್ಟೆಗೆ ಕೈ ಚಾಚಿದೆ.

"ಏ ಏ ಏ" ಎಂದು ಹೆಂಡತಿ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡಳು. "ಗಾಡಿ ಹತ್ತಿರ ನಿಂತಾರ, ಇವರ ಕೈಯಾಗ ನೀರು ಕೊಡಬ್ಯಾಡ್ರೋ!" ಮಗ ತಟ್ಟೆ ತೆಗೆದುಕೊಂಡು ದೂರ ಹೋಗಿ ಚೆಲ್ಲಿ ಬಂದ.

ನನ್ನ ಚಾಚಿದ ಕೈ ಹಾಗೆಯೇ ಇತ್ತು. ಸೊಸೆ ಅದನ್ನು ನೋಡಿದಳು. ಇನ್ನೊಂದು ಕೈಯನ್ನೂ ಚಾಚಲು ಹೇಳಿ, ನಿದ್ದೆಯಲ್ಲಿದ್ದ ಮೊಮ್ಮಗಳನ್ನು ಮೆತ್ತಗೆ ಎರಡೂ ಕೈಯಲ್ಲಿಟ್ಟು, ತಲೆಯ ಕೆಳಗೆ ನನ್ನ ಮೊಣಕೈ ಸರಿಮಾಡಿದಳು.

"ಹಿಡ್ಕೋರಿ ಮಾವಾರ. ಅಲುಗಬ್ಯಾಡ್ರಿ."

ಅಲುಗಲಿಲ್ಲ. ಒಳಗೆ ಎಲ್ಲರೂ ಊಟಕ್ಕೆ ಕೂತು ಎರಡು ಸಲ ಕರೆದರು. ಮೊಮ್ಮಗಳು ತಾನಾಗಿ ಎದ್ದು ನನ್ನ ಮೂಗು ಹಿಡಿಯುವವರೆಗೆ ಗಾಡಿಯ ಪಕ್ಕದಲ್ಲಿ ಹಾಗೇ ನಿಂತಿದ್ದೆ.